ಮಜ್ಜಿಗೆಗೆ ಬಂದು ನಿಂತ ಭಾನುವಾರ

ರಕ್ತದ ಕೊಲೆಸ್ಟರಾಲ್ ಅಳೆಯುವ ಲಿಪಿಡ್ ಪ್ರೊಫೈಲ್ ವರದಿ ಕೈಗೆ ಬಂದ ಮಾರನೆಯ ದಿನವೇ ಹಾಲು, ಮೊಸರು, ತುಪ್ಪ ಎಲ್ಲವನ್ನೂ ಒಟ್ಟಿಗೆ ಬಿಟ್ಟವರು ನಾಲ್ಕನೇ ದಿನ ವಾಪಸ್ ಬರುತ್ತಾರೆ. ಮುಂಬೈಯ ಕನ್ನಡ ಮನೆಗಳಲ್ಲಿ ಅವರನ್ನು ವಾಪಸ್ ಕರೆತರುವುದು ಪನೀರೂ ಅಲ್ಲ, ಪೇಢೆಯೂ ಅಲ್ಲ. ಊಟದ ಕೊನೆಯ ಮಜ್ಜಿಗೆ ಅನ್ನ. ಅದಕ್ಕೇ ಹಾಲಿನ ಪದಾರ್ಥಗಳನ್ನು ಒಂದೊಂದಾಗಿ ಬಿಡುವ ಈ ಪ್ರಯೋಗದಲ್ಲಿ ಮೊಸರನ್ನು ಕೊನೆಗಿಟ್ಟುಕೊಳ್ಳುವುದು ಜಾಣತನ. ಮೊದಲ ಎರಡು ವಾರ ಚಹಾದ ಹಾಲು, ಮುಂದಿನ ಎರಡು ವಾರ ತುಪ್ಪ, ಆಮೇಲೆ ಹೊರಗಿನ ತಿಂಡಿ. ಮೊಸರಿನ ಸರದಿ ಬರುವುದು ಏಳನೇ ವಾರಕ್ಕೆ. ಆ ವಾರದ ಭಾನುವಾರ ಅಡುಗೆಮನೆಯಲ್ಲಿ ಏನೇನು ನಡೆಯುತ್ತದೆ, ಎಲ್ಲಿ ಎಡವಟ್ಟಾಗುತ್ತದೆ ಎಂಬುದಷ್ಟೇ ಇಲ್ಲಿಯ ವಿಷಯ.

ಬೆಳಗಿನ ಚಹಾದಿಂದ ಶುರು, ಹಾಲಿನ ಬದಲು ಅದಕ್ಕೆ ಮನೆಯಲ್ಲೇ ಮಾಡಿದ ಸೋಯಾ ಹಾಲು. 100 ಗ್ರಾಂ ಸೋಯಾಬೀನ್ ಹಿಂದಿನ ರಾತ್ರಿಯೇ ನೆನೆದಿರಬೇಕು, ಎಂಟು ಗಂಟೆ ಸಾಕು. ಮೇ ತಿಂಗಳ ಸೆಖೆಯಲ್ಲಿ ನಡುವೆ ಒಮ್ಮೆ ನೀರು ಬದಲಿಸದಿದ್ದರೆ ಹುಳಿವಾಸನೆ ಬರುತ್ತದೆ. ರುಬ್ಬುವಾಗ ತಣ್ಣೀರು ಹಾಕಬೇಡಿ, ಕುದಿಯುವ ನೀರನ್ನೇ ಹಾಕಿ. ಸೋಯಾದ ಹಸಿವಾಸನೆ ಹುಟ್ಟುವುದು ಕಾಳು ಒಡೆದಾಗ ಕೆಲಸ ಶುರುಮಾಡುವ ಒಂದು ಕಿಣ್ವದಿಂದ. ಬಿಸಿ ತಗುಲಿದರೆ ಅದು ಅಲ್ಲೇ ಸತ್ತುಹೋಗುತ್ತದೆ. ಸೋಸಿದ ಹಾಲು ಒಲೆಯ ಮೇಲೆ ಬೇಗ ನೊರೆಯೆದ್ದು ಉಕ್ಕುತ್ತದೆ, ಬೆಂದಿತೆಂದು ಇಳಿಸಿಬಿಡುತ್ತೇವೆ. ಅದು ಮೋಸ. ಉರಿ ತಗ್ಗಿಸಿ ಕಾಲು ಗಂಟೆಯಾದರೂ ಕುದಿಸಬೇಕು. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ. ಹೊಟ್ಟೆ ಉಬ್ಬರಕ್ಕೆ ಅರ್ಧ ಕಾರಣ ಈ ಅವಸರ.

ಇನ್ನು ಚಹಾ ಒಡೆಯುವುದು. ಶುಂಠಿ, ಚಹಾಪುಡಿ ಎರಡನ್ನೂ ನೀರಿನಲ್ಲೇ ಕುದಿಸಿ ಸೋಸಿಟ್ಟು, ಒಂದು ನಿಮಿಷ ಬಿಡಿ. ಲೋಟದಲ್ಲಿ ಬೆಚ್ಚಗಿನ ಸೋಯಾ ಹಾಲು ಮೊದಲು, ಅದರ ಮೇಲೆ ಚಹಾ ನಿಧಾನವಾಗಿ. ಕುದಿಯುವ ಚಹಾಕ್ಕೆ ತಣ್ಣನೆಯ ಹಾಲು ಹೊಯ್ದರೆ ಮೊಸರುಮೊಸರಾಗಿ ತೇಲುತ್ತದೆ. ಫಿಲ್ಟರ್ ಕಾಫಿಯ ಡಿಕಾಕ್ಷನ್‌ಗೆ ಹುಳಿ ಹೆಚ್ಚು, ಅಲ್ಲಿ ಇನ್ನೂ ಜಾಗ್ರತೆ ಬೇಕು. ಸೋಯಾ, ಬಾದಾಮಿ ಹಾಲನ್ನು ಪ್ಯಾಕೆಟ್ಟಿನಲ್ಲಿ ಕೊಳ್ಳುವವರು ಪ್ರೋಟೀನ್ ಸಾಲು ಓದಲಿ. ಬಾದಾಮಿ ಹಾಲೆಂದು ಮಾರುವುದರಲ್ಲಿ ಬಹುಪಾಲು ನೀರು, ಪ್ರೋಟೀನ್ ಹೆಸರಿಗಷ್ಟೇ. ಕ್ಯಾಲ್ಸಿಯಂ ಸೇರಿಸಿದ ಪ್ಯಾಕೆಟ್ಟಾದರೆ ಚೆನ್ನಾಗಿ ಕುಲುಕಿ, ಅದು ತಳದಲ್ಲಿ ಕೂತಿರುತ್ತದೆ.

ತಿಂಡಿಗೆ ಮಾಟುಂಗಾದ ಉಡುಪಿ ಹೋಟೆಲಿಗೆ ಹೋದರೆ ಇಡ್ಲಿ, ನೀರುದೋಸೆಗೆ ಭಯವಿಲ್ಲ. ದೋಸೆಗೆ ಮಾತ್ರ ಮೊದಲೇ ಹೇಳಬೇಕು: "ಅಣ್ಣಾ, ಬೆಣ್ಣೆ-ತುಪ್ಪ ಬೇಡ, ಎಣ್ಣೆ ಹಾಕಿಸಿ." ಕಾವಲಿಯ ಮೇಲೆ ಬಿದ್ದ ಮೇಲೆ ಹೇಳಿ ಪ್ರಯೋಜನವಿಲ್ಲ. ರವೆ ಇಡ್ಲಿ, ಗೋಳಿಬಜೆ, ಬನ್ಸ್ ಮೂರರ ಹಿಟ್ಟಿಗೂ ಮೊಸರು ಬೀಳುತ್ತದೆ. ಪೊಂಗಲ್, ಶಿರಾ ಅಂದರೆ ತುಪ್ಪವೇ. ಮರಾಠಿ ತಿಂಡಿಯಲ್ಲಿ ಥಾಲಿಪೀಠದ ಮೇಲೆ ಬೆಣ್ಣೆ ಮುದ್ದೆ ಕೂತೇ ಬರುತ್ತದೆ, ಸಾಬೂದಾಣಾ ಖಿಚಡಿಗೆ ಎಷ್ಟೋ ಕಡೆ ತುಪ್ಪದ ಒಗ್ಗರಣೆ. ವಡಾಪಾವಿನ ವಡೆಯಲ್ಲಿ ಹಾಲಿನ ಸೋಂಕಿಲ್ಲ. ಹಾಗೆಂದು ದಿನಾ ಎರಡು ತಿಂದು, ಕೆಟ್ಟ ಕೊಲೆಸ್ಟರಾಲ್ ಎನಿಸಿದ ಎಲ್‌ಡಿಎಲ್ ಇಳಿಯಲೆಂದು ಕಾದರೆ, ಅದು ವಡಾಪಾವಿನ ತಪ್ಪಲ್ಲ.

ಕರಾವಳಿಯವರು ಮಾಡುವ ದೊಡ್ಡ ತಪ್ಪು ಬೇರೆ: ತುಪ್ಪ ಬಿಟ್ಟು ಅದೇ ಚಮಚದಲ್ಲಿ ತೆಂಗಿನೆಣ್ಣೆ ಹಾಕುವುದು. ತುಪ್ಪದ ಕೊಬ್ಬಿನಲ್ಲಿ ಕೆಟ್ಟ ಕೊಲೆಸ್ಟರಾಲ್ ಏರಿಸುವ ಸ್ಯಾಚುರೇಟೆಡ್ ಅಂಶ ಶೇಕಡಾ 60ರ ಆಸುಪಾಸು, ತೆಂಗಿನೆಣ್ಣೆಯಲ್ಲಿ ಸುಮಾರು 90. ಕೊಲೆಸ್ಟರಾಲ್‌ಗಾಗಿ ಹೊರಟವರಿಗೆ ಇದು ಬಾಣಲೆಯಿಂದ ಬೆಂಕಿಗೆ. ಶೇಂಗಾ ಎಣ್ಣೆಯೋ ಎಳ್ಳೆಣ್ಣೆಯೋ ಸಾಕು, ಅದೂ ತಲೆಗೆ ತಿಂಗಳಿಗೆ ಅರ್ಧ ಲೀಟರ್ ಮೀರದಂತೆ.

ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಲೆಕ್ಕ ಬೇಕು. ದಿನಕ್ಕೆ ಒಂದು ದೊಡ್ಡ ಲೋಟ ಹಾಲು, ಒಂದು ಬಟ್ಟಲು ಮೊಸರು ಬಿಟ್ಟರೆ ಸುಮಾರು 13 ಗ್ರಾಂ ಪ್ರೋಟೀನ್, 450 ಮಿಲಿಗ್ರಾಂ ಕ್ಯಾಲ್ಸಿಯಂ ಕೈಬಿಟ್ಟಂತೆ. ಪ್ರೋಟೀನ್ ತುಂಬಿಸುವುದು ಸುಲಭ: 25 ಗ್ರಾಂ ಒಣ ಸೋಯಾ ಚಂಕ್ಸ್ ಪಲ್ಯಕ್ಕೆ ಬಿದ್ದರೆ ಮುಗಿಯಿತು. ಬೇಳೆಕಾಳಿನಲ್ಲೇ ತುಂಬಿಸುವವರು ಹೆಸರುಬೇಳೆಯಿಂದ ಹಿಡಿದು ರಾಜ್ಮಾ, ಕಡಲೆಯವರೆಗೆ ವಾರವಾರವೂ ಒಂದೊಂದೇ ಏರಿಸಲಿ. ನೆನೆಹಾಕಿದ ನೀರು ಚೆಲ್ಲಲಿ. ಕ್ಯಾಲ್ಸಿಯಂ ಅಷ್ಟು ಸಲೀಸಲ್ಲ. 50 ಗ್ರಾಂ ರಾಗಿಹಿಟ್ಟಿನಿಂದ 170 ಮಿಲಿಗ್ರಾಂನಷ್ಟು ಬರುತ್ತದೆ. ಸಿಪ್ಪೆ ತೆಗೆಯದ ಎಳ್ಳು ಹುರಿದು ಕುಟ್ಟಿದ ಪುಡಿ ಒಂದು ದೊಡ್ಡ ಚಮಚಕ್ಕೆ 90ರ ಸುತ್ತಮುತ್ತ. ಪಾಲಕ್ ನಂಬಬೇಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. ನುಗ್ಗೆಸೊಪ್ಪು ಅದಕ್ಕಿಂತ ಮೇಲು. ಉಳಿದದ್ದಕ್ಕೆ ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು, ಇಲ್ಲವೇ ಕ್ಯಾಲ್ಸಿಯಂ ಸಲ್ಫೇಟ್‌ನಿಂದ ಹೆಪ್ಪಾದ ಟೋಫು, ಅಂದರೆ ಸೋಯಾ ಪನೀರು. ಉತ್ತರ ಕರ್ನಾಟಕದ ಮನೆಯಲ್ಲಿ ಅಗಸಿ ಹಿಂಡಿ ಹೇಗೂ ಇರುತ್ತದೆ, ಒಮೇಗಾ-3ಕ್ಕೆ ಅದೇ ಸೈ. ಅಗಸೆಯನ್ನು ಇಡಿಯಾಗಿ ನುಂಗಿದರೆ ಹೋದ ಹಾಗೇ ಹೊರಬರುತ್ತದೆ, ಕುಟ್ಟಲೇಬೇಕು. ಕಾಳಿನ ಕಬ್ಬಿಣ ಮೈಗೆ ಹತ್ತಲೆಂದು ಕೋಸಂಬರಿಗೆ ನಿಂಬೆ ಹಿಂಡಿ. ಊಟದ ಬೆನ್ನಿಗೇ ಚಹಾ ಕುಡಿದರೆ ಆ ಕಬ್ಬಿಣ ಸಿಕ್ಕಿಯೂ ಸಿಗದಂತೆ.

ಹಾಲಿನ ಜೊತೆಗೇ ಕೈಬಿಡುವ ವಿಟಮಿನ್ ಬಿ12ಕ್ಕೆ ಅಡುಗೆಮನೆಯಲ್ಲಿ ಉತ್ತರವಿಲ್ಲ. ಇಡ್ಲಿ ಹಿಟ್ಟಿನ ಹುಳಿಯನ್ನೂ ಸ್ಪಿರುಲಿನಾ ಎಂಬ ಪಾಚಿಯ ಪುಡಿಯನ್ನೂ ಇದಕ್ಕಾಗಿ ನೆಚ್ಚಿಕೊಳ್ಳಬೇಡಿ. ಮಾತ್ರೆಯೇ ಗತಿ: ದಿನಕ್ಕೆ 10 ಮೈಕ್ರೊಗ್ರಾಂ, ಅಥವಾ ವಾರಕ್ಕೊಮ್ಮೆ 2000. ಪ್ರಯೋಗದ ಮೊದಲ ದಿನದಿಂದಲೇ ಶುರುಮಾಡಬೇಕು, ಆದರೆ ಪರೀಕ್ಷೆಗೆ ರಕ್ತ ಕೊಟ್ಟ ನಂತರ. ಮಾತ್ರೆ ನುಂಗಿ ಪರೀಕ್ಷೆ ಮಾಡಿಸಿದರೆ ನಿಜವಾದ ಅಂಕಿ ಸಿಗುವುದಿಲ್ಲ. ಬಿ12, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ವಿಟಮಿನ್ ಡಿ, ಲಿಪಿಡ್, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) ಇವಿಷ್ಟು ಶುರುವಿಗೊಮ್ಮೆ, ಮೂರು ತಿಂಗಳ ಮೇಲೊಮ್ಮೆ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಗುಳಿಗೆ ತಗೊಳ್ಳುವವರಲ್ಲಿ ಬಿ12 ಮೊದಲೇ ಕಡಿಮೆಯಿರಬಹುದು. ಸಕ್ಕರೆ ಕಾಯಿಲೆಯ ಗುಳಿಗೆ-ಇನ್ಸುಲಿನ್ ಇರುವವರು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಇದ್ದು ಸೊಪ್ಪು ಹೆಚ್ಚಿಸಹೊರಟವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಲೇಬೇಕು. ಸೈಂಧವ ಲವಣದ ಮೋಹವೂ ಈಗ ಬೇಡ. ಹಾಲು ಬಿಟ್ಟವರಿಗೆ ಅಯೋಡಿನ್, ಅದನ್ನು ಸೇರಿಸಿದ ಮಾಮೂಲಿ ಉಪ್ಪಿನಿಂದಲೇ ಬರಬೇಕು.

ಸಂಜೆ ಮುಖ್ಯ ಕೆಲಸ: ಶೇಂಗಾ ಮೊಸರು. 200 ಗ್ರಾಂ ಹಸಿ ಶೇಂಗಾ ಬೆಳಗ್ಗೆಯೇ ನೆನೆಹಾಕಿರಬೇಕು. ನೆನೆಹಾಕುವ ಮೊದಲು ತಟ್ಟೆಯಲ್ಲಿ ಹರಡಿ ಸುಕ್ಕಿದ್ದು, ಕಪ್ಪಿಟ್ಟದ್ದು, ಬೂಷ್ಟು ಹಿಡಿದದ್ದು ಎಲ್ಲ ಆರಿಸಿ ಎಸೆಯಿರಿ. ಮುಂಬೈ ಮಳೆಗಾಲದ ತೇವದಲ್ಲಿ ಇದು ಶೋಕಿಯಲ್ಲ. ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಕುದಿಸಿದರೂ ಹೋಗುವುದಿಲ್ಲ. ಉಜ್ಜಿ ಸಿಪ್ಪೆ ತೆಗೆದು, ಒಟ್ಟು 800 ಮಿಲಿಲೀಟರ್ ನೀರಿನಲ್ಲಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ದಪ್ಪ ತಳದ ಪಾತ್ರೆಯಲ್ಲಿ ಕೈ ಬಿಡದೆ ತಿರುವುತ್ತ ಹತ್ತು ನಿಮಿಷ ಕುದಿಸಿ. ತಳ ಹಿಡಿದರೆ ಮೊಸರಿಗೆಲ್ಲ ಸೀದ ವಾಸನೆ.

ಬೆರಳು ತಡೆಯುವಷ್ಟು ಬಿಸಿಗೆ ಇಳಿದಾಗ ಎಂಟು-ಹತ್ತು ಹಸಿಮೆಣಸಿನ ತೊಟ್ಟುಗಳನ್ನು ಟೋಪಿಯ ಸಮೇತ ಮುಳುಗಿಸಿಡಿ. ಹೆಪ್ಪು ಹಾಕುವ ಸೂಕ್ಷ್ಮಜೀವಿಗಳು ಅಲ್ಲೇ ಇರುತ್ತವೆ. ಅವಸರದಲ್ಲಿ ಬಿಸಿ ಹೆಚ್ಚಿದ್ದಾಗಲೇ ಹಾಕಿದರೆ ಅವು ಸಾಯುತ್ತವೆ, ಬೆಳಗ್ಗೆ ಹಾಲು ಹಾಲಾಗೇ ಇರುತ್ತದೆ. ಮೊದಲ ಹೆಪ್ಪು ತೆಳ್ಳಗೆ, ವಾಸನೆ ಒರಟು. ನಿರಾಸೆ ಬೇಡ, ಅದು ತಿನ್ನಲಿಕ್ಕಲ್ಲ, ಮುಂದಿನ ಸಲದ ಹೆಪ್ಪಿಗೆ. ಮೂರನೇ ಸಲಕ್ಕೆ ರುಚಿ ಹದಕ್ಕೆ ಬರುತ್ತದೆ. ಸೆಖೆಗಾಲದಲ್ಲಿ ಐದಾರು ಗಂಟೆ, ಡಿಸೆಂಬರ್-ಜನವರಿಯಲ್ಲಿ ಮುಚ್ಚಿದ ಕ್ಯಾಸರೋಲ್‌ನಲ್ಲಿ ಒಂಬತ್ತು-ಹತ್ತು. ಗುಲಾಬಿ ಬಣ್ಣದ ಪೊರೆ ಕಂಡರೆ ಯೋಚಿಸದೆ ಚೆಲ್ಲಿ.

ಈ ಮೊಸರಿಗೆ ಶೇಂಗಾದ ವಾಸನೆ ಇದ್ದೇ ಇರುತ್ತದೆ, ಇಲ್ಲವೆಂದು ಹೇಳುವವರ ಮಾತು ಕೇಳಬೇಡಿ. ಜಜ್ಜಿದ ಶುಂಠಿ, ಹಸಿಮೆಣಸು, ಕರಿಬೇವು, ಇಂಗಿನ ಒಗ್ಗರಣೆ ಬಿದ್ದು ಮಜ್ಜಿಗೆಯಾದಾಗ ಅದು ಅಡಗುತ್ತದೆ. ಮಜ್ಜಿಗೆಹುಳಿಗೆ ಹಾಕುವುದಾದರೆ ಕಡಲೆಬೇಳೆ ರುಬ್ಬಿದ ಮಸಾಲೆ ಮೊದಲು ಬೇಯಲಿ, ಮೊಸರು ಕೊನೆಗೆ ಬಿದ್ದು ಅಂಚಿನಲ್ಲಿ ಗುಳ್ಳೆ ಕಂಡೊಡನೆ ಒಲೆ ಆರಿಸಿ. ಕುದಿದರೆ ಒಡೆಯುತ್ತದೆ. ಅದೂ ಒಗ್ಗದಿದ್ದರೆ ದಾದರಿನಲ್ಲಿ ಕೋಕಂ ಎಂದು ಸಿಗುವ ನಮ್ಮ ಪುನರ್ಪುಳಿಯ ಸಾರು ಇದ್ದೇ ಇದೆ, ಅನ್ನದ ಕೊನೆಗೆ ಆ ಹುಳಿ ಮಜ್ಜಿಗೆಯ ಜಾಗವನ್ನು ಅರ್ಧ ತುಂಬುತ್ತದೆ.

ಮೊಸರು ಹೆಪ್ಪಾಗುವಷ್ಟರಲ್ಲಿ ಡಬ್ಬಗಳ ಲೇಬಲ್ ನೋಡಬಹುದು. ಹಸಿರು ಚುಕ್ಕೆ ಇದ್ದರೆ ಮಾಂಸ-ಮೊಟ್ಟೆ ಇಲ್ಲವೆಂದಷ್ಟೇ ಅರ್ಥ, ಹಾಲಿಗೆ ಅದರಲ್ಲಿ ಅಡ್ಡಿಯಿಲ್ಲ. ಹಾಲೂ ಸೇರಿ ಪ್ರಾಣಿಮೂಲದ್ದೇನೂ ಇಲ್ಲದ ವೀಗನ್ ತಿನಿಸಿಗೆ ಬೇರೆಯೇ ಗುರುತು ಬಂದದ್ದು 2022ರ ನಿಯಮದಿಂದ. ಬಿಸ್ಕತ್ತು, ಬ್ರೆಡ್ಡಿನಲ್ಲಿ ಮಿಲ್ಕ್ ಸಾಲಿಡ್ಸ್, ವ್ಹೇ, ಕೇಸಿನೇಟ್ ಎಂಬ ಪದಗಳನ್ನು ಹುಡುಕಿ, ಮೂರೂ ಹಾಲಿನವೇ. ವಿಟಮಿನ್ ಡಿ3 ಮಾತ್ರೆ ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾದದ್ದು. ಆರೋಗ್ಯಕ್ಕಾಗಿಯಷ್ಟೇ ಹೊರಟವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಸೋಮವಾರ ಬೆಳಗ್ಗೆ ಪಾತ್ರೆ ಒಂಚೂರು ವಾಲಿಸಿ ನೋಡಿ. ಅಂಚು ಬಿಟ್ಟು ಒಟ್ಟಾಗಿ ಸರಿದರೆ ಹೆಪ್ಪಾಗಿದೆ. ತೊಟ್ಟುಗಳನ್ನು ಎಣಿಸಿ ಹೊರತೆಗೆದು, ಎರಡು ಚಮಚ ಬೇರೆ ಬಟ್ಟಲಿಗೆ ಎತ್ತಿಟ್ಟುಕೊಂಡು ಫ್ರಿಜ್ಜಿಗಿಡಿ.