ಹೆಂಚು ಇಳಿಸಿದ ದಿನ

ಇವತ್ತು ಊರಿನ ತೊಟ್ಟಿ ಮನೆಯ ಹೆಂಚು ಇಳಿಸಿದೆವು, ಒಂದೊಂದೇ ಕೈಯಿಂದ ಕೈಗೆ ದಾಟಿಸುತ್ತಾ. ಒಂದನ್ನು ಮಗುಚಿ ಉಜ್ಜಿದಾಗ ಅಕ್ಷರ ಕಂಡವು: ಬಾಸೆಲ್ ಮಿಷನ್, 1865. ಅದು ಸ್ವಿಟ್ಜರ್ಲೆಂಡಿನಿಂದ ಬಂದ ಈ ಕ್ರೈಸ್ತ ಮಿಷನ್ನಿನವರ ಹೆಂಚಿನ ಕಾರ್ಖಾನೆ ಮಂಗಳೂರಿನಲ್ಲಿ ಶುರುವಾದ ವರ್ಷ, ಈ ಹೆಂಚು ಸುಟ್ಟ ವರ್ಷ ಅಲ್ಲ. ಆದರೂ ಮೈ ಜುಮ್ಮೆಂದಿತು. ಒಡೆದದ್ದು ಬಿಟ್ಟು ಉಳಿದದ್ದೆಲ್ಲ ತೊಳೆದು ಮತ್ತೆ ಮೇಲೇರಿಸುತ್ತೇವೆ.

"ಸುಮ್ನೆ ತಾರಸಿ ಹಾಕಿಸಿಬಿಡಿ" ಅಂದವರೇ ಜಾಸ್ತಿ. ನನಗೆ ಮನಸ್ಸು ಬರಲಿಲ್ಲ. ಹಿಂದೊಮ್ಮೆ ಅಡುಗೆಮನೆಯ ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿಸಿದ್ದೆವು. ಒಳಗಿನ ತೇವ ಹೊರಬರಲಾಗದೆ ಎರಡೇ ಮಳೆಗಾಲಕ್ಕೆ ಉಬ್ಬಿ, ಹಪ್ಪಳದ ಹಾಗೆ ಕಳಚಿಬಿತ್ತು. ಸುಣ್ಣದ ಗಾರೆಯಾದರೆ ಗೋಡೆ ಉಸಿರಾಡುತ್ತೆ. ಈಗ ಹಿತ್ತಲಲ್ಲಿ ಸುಣ್ಣ ನೆನೆಯುತ್ತಿದೆ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕಿ ಕಲಸುತ್ತಾರೆ.

ಹೊಸ ವೈರಿಂಗ್, ಹೊಸ ಪೈಪು ಬೇಕೇ ಬೇಕು. ಅಮ್ಮನಿಗೆ ಮಂಡಿನೋವು, ಕಮೋಡೂ ಬರುತ್ತೆ. ಆದರೆ ನಡುಮನೆಯ ಕೆಂಪು ನೆಲ ಮುಟ್ಟುವುದಿಲ್ಲ. ಕಂಬದ ಪಕ್ಕ ಅಜ್ಜಿ ಕೂತು ಕೂತು ನುಣುಪಾದ ಜಾಗವಿದೆ. ಅಲ್ಲೇ ಒಂದು ಸಣ್ಣ ಬಿರುಕು. ಇರಲಿ ಬಿಡಿ, ಮನೆಗೂ ವಯಸ್ಸಾಗುತ್ತೆ ಅಲ್ವಾ?

ಮಳೆ ಹಿಡಿಯೋ ಮುಂಚೆ ಸೂರಿನ ಕೆಲಸ ಮುಗಿಯಬೇಕು. ನಾಳೆ ಬೆಳಿಗ್ಗೆ ಆರಕ್ಕೇ ಬಡಗಿ ಬರುತ್ತಾರೆ.