ಹಾಲು ಆರಲು ಎಷ್ಟು ಹೊತ್ತು?

ನಮ್ಮ ಮನೆಯಲ್ಲಿ ಹೆಪ್ಪು ಹಾಕುವ ಕೆಲಸ ನನ್ನದು. ಕಾಯಿಸಿದ ಹಾಲು ಉಗುರು ಬೆಚ್ಚಗಾಗಬೇಕು, ಅಂದರೆ ಸುಮಾರು 42 ಡಿಗ್ರಿಗೆ ಇಳಿಯಬೇಕು. ಪಕ್ಕದಲ್ಲೇ ಕೂತು ನ್ಯೂಟನ್ನನ ತಣಿಯುವಿಕೆಯ ನಿಯಮ (ಬಿಸಿ ವಸ್ತು ಸುತ್ತಲಿಗಿಂತ ಎಷ್ಟು ಜಾಸ್ತಿ ಬಿಸಿಯೋ ಅಷ್ಟು ಬೇಗ ಆರುತ್ತದೆ ಅನ್ನುವುದು) ಉರು ಹೊಡೆಯುತ್ತಿದ್ದ ಅಣ್ಣನ ಮಗಳು ಕೇಳಿದಳು: "ಚಿಕ್ಕಪ್ಪ, ಈ ಕ್ಷಯ ಸ್ಥಿರಾಂಕ ಕೆ ಅಂದ್ರೆ ನಿಮಿಷಕ್ಕೆ ಎಷ್ಟು ಡಿಗ್ರಿ ಇಳಿಯುತ್ತೆ ಅಂತ ತಾನೇ?"

ಅಲ್ಲ. ಕೆ ಹೇಳುವುದು ಡಿಗ್ರಿಯನ್ನಲ್ಲ, ಪಾಲನ್ನು. ಕೋಣೆಗಿಂತ ಹಾಲು ಎಷ್ಟು ಜಾಸ್ತಿ ಬಿಸಿಯಿದೆಯೋ, ಆ ಜಾಸ್ತಿಯಲ್ಲಿ ನಿಮಿಷಕ್ಕೆ ಎಷ್ಟು ಪಾಲು ಕಳೆಯುತ್ತದೆ ಅನ್ನುವುದೇ ಕೆ.

ಥರ್ಮಾಮೀಟರ್ ಇಳಿಬಿಟ್ಟೆವು. ಸ್ಟೀಲ್ ಪಾತ್ರೆಯಲ್ಲಿ ಅರ್ಧ ಲೀಟರ್ ಹಾಲು, ಕೋಣೆ 25 ಡಿಗ್ರಿ. 85ರಲ್ಲಿದ್ದ ಹಾಲು ಅರ್ಧ ಗಂಟೆಗೆ ಹೆಚ್ಚುಕಡಿಮೆ 55ಕ್ಕೆ ಬಂತು. "ಇನ್ನರ್ಧ ಗಂಟೆಗೆ 25!" ಅಂದಳು. ಬಂದದ್ದು 40ರ ಹತ್ತಿರ. 60 ಇದ್ದ ಹೆಚ್ಚುವರಿ 30 ಆಯಿತು, 30 ಇದ್ದದ್ದು 15 ಆಯಿತು. ಹೀಗೆ ಅರ್ಧವಾಗುತ್ತಾ ಹೋಗುವುದರಿಂದ, 2ರ ಸ್ವಾಭಾವಿಕ ಲಾಗ್ (ಲಾಗರಿದಮ್) ಆದ 0.693 ಅನ್ನು 30 ನಿಮಿಷದಿಂದ ಭಾಗಿಸಿದರೆ ಕೆ ಸಿಗುತ್ತದೆ: ನಿಮಿಷಕ್ಕೆ 0.023, ಅಂದರೆ ನೂರಕ್ಕೆ ಎರಡು ಚಿಲ್ಲರೆ ಪಾಲು.

ನನಗೆ ಮಜಾ ಅನ್ನಿಸುವುದು ಮುಂದಿನ ಲೆಕ್ಕ. ಇದೇ ಕೆ ಇಟ್ಟುಕೊಂಡರೆ 85ರಿಂದ 42ಕ್ಕೆ ಬರಲು 25 ಡಿಗ್ರಿ ಕೋಣೆಯಲ್ಲಿ 55 ನಿಮಿಷ ಬೇಕು. ಚಳಿಗಾಲದ 15 ಡಿಗ್ರಿಯಲ್ಲಿ 41 ಸಾಕು. ಬೇಸಿಗೆಯ 33ರಲ್ಲಿ 76! ಕೆ ಬದಲಾಗಲಿಲ್ಲ, ಕೋಣೆ ಬದಲಾಯಿತು ಅಷ್ಟೆ.

ಹಾಗಾದರೆ ಕೆ ಬದಲಾಗುವುದು ಯಾವಾಗ? ಪಾತ್ರೆ ಬದಲಾದಾಗ. ಅಗಲ ಬಾಯಿಯ ಪಾತ್ರೆಗೆ ಸುರಿದರೆ ಮೇಲ್ಮೈ ಜಾಸ್ತಿ, ಕೆ ಏರುತ್ತದೆ. ಎರಡು ಲೀಟರ್ ಕಾಯಿಸಿದರೆ ಒಳಗಿನ ಬಿಸಿ ನಾಲ್ಕು ಪಟ್ಟು, ಮೇಲ್ಮೈ ಮಾತ್ರ ಅಷ್ಟು ಬೆಳೆಯುವುದಿಲ್ಲ. ಕೆ ಇಳಿಯುತ್ತದೆ. ಸುತ್ತಲಿನ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. 1701ರಲ್ಲಿ ಹೆಸರು ಹಾಕದೆ ಅಚ್ಚಾದ ಲೇಖನದಲ್ಲಿ ನ್ಯೂಟನ್ ಕಾದ ಕಬ್ಬಿಣವನ್ನು ನಿಂತ ಗಾಳಿಯಲ್ಲಿ ಇಡಲಿಲ್ಲ, ಒಂದೇ ಸಮ ಬೀಸುವ ಗಾಳಿಗೆ ಒಡ್ಡಿದ. ಬಿಸಿಯಾದ ಗಾಳಿ ಅಲ್ಲೇ ಸುತ್ತಿಕೊಂಡು ನಿಲ್ಲಬಾರದಲ್ಲ!

ಹೆಚ್ಚುವರಿಯ ಲಾಗ್ ತೆಗೆದು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ನೆಟ್ಟಗಿನ ಗೆರೆ ಬರಬೇಕು. ನಮ್ಮದು ಶುರುವಿನಲ್ಲಿ ಸ್ವಲ್ಪ ಕಡಿದಾಗಿತ್ತು. ಕಾದ ಹಾಲಿನಿಂದ ಏಳುವ ಆವಿ ತಾನೂ ಬಿಸಿ ಹೊತ್ತೊಯ್ಯುತ್ತದೆ, ಆ ಪಾಲು ನಿಯಮದಲ್ಲಿ ಇಲ್ಲ. ಮುಚ್ಚಳ ಹಾಕಿದರೆ ಗೆರೆ ಸುಮಾರಾಗಿ ನೆಟ್ಟಗಾದೀತು. ಆದರೆ ಕೆ ಇಳಿದು, ಹೆಪ್ಪು ಹಾಕುವುದು ಇನ್ನೂ ತಡವಾಗುತ್ತದೆ. ಅವಳ ಗ್ರಾಫಿಗೋಸ್ಕರ ನಾನು ನಿದ್ದೆ ಕೆಡಲು ತಯಾರಿರಲಿಲ್ಲ.