ಕಪ್ಪಿಂಗ್ ಟೇಬಲ್ ಮುಂದೆ ಮಾತು ಯಾಕೆ ಬೇಡ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ದರ್ಜೆವಾರು ವಿಂಗಡಿಸುವ ಕಾರ್ಖಾನೆ) ಒಂದರಲ್ಲಿ ಕಪ್ಪಿಂಗ್, ಅಂದರೆ ಕಾಫಿಯ ರುಚಿ ನೋಡಿ ಅಂಕ ಕೊಡುವುದು, ನನ್ನ ಕೆಲಸ. ಒಂದು ಲಾಟ್‌ಗೆ, ಅಂದರೆ ಒಟ್ಟಿಗೆ ಬಂದ ಒಂದು ಸರಕಿಗೆ, ಐದು ಕಪ್ ಇಡುತ್ತೇವೆ, 150 ಮಿ.ಲೀ. ನೀರಿಗೆ 8.25 ಗ್ರಾಂ ಪುಡಿ ಲೆಕ್ಕದಲ್ಲಿ. ಬಿಸಿನೀರು ಹಾಕಿ ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದು ವಾಸನೆ ನೋಡಬೇಕು. ಸ್ವಲ್ಪ ಆರಿದ ಮೇಲೆ ಸೊರ್ರನೆ ಹೀರಿ ಉಗುಳುವುದು. ಕೆಟ್ಟ ಬೀಜ ಒಂದೇ ಇದ್ದರೂ ಅದು ಯಾವುದೋ ಒಂದು ಕಪ್‌ನಲ್ಲಿ ಸಿಕ್ಕಿಬೀಳಲಿ ಅಂತಲೇ ಐದು ಕಪ್.

ಒಮ್ಮೆ ಪ್ಲಾಂಟೇಶನ್ ಎ (ತೊಳೆದು ಸಂಸ್ಕರಿಸಿದ ಅರೇಬಿಕಾದ ದೊಡ್ಡ ಬೀಜದ ದರ್ಜೆ) ಲಾಟ್ ನೋಡುವಾಗ ನಮ್ಮ ಹಿರಿಯರೊಬ್ಬರು ಮೊದಲ ಚಮಚಕ್ಕೇ "ಆಹಾ, ಕ್ಲೀನ್ ಕಪ್" ಅಂದರು, ಅಂದರೆ ದೋಷವೇ ಇಲ್ಲ ಅಂತ. ಹೊಸದಾಗಿ ಸೇರಿದ ಹುಡುಗಿ ನಾಲ್ಕನೇ ಕಪ್ ಹತ್ತಿರ ಮತ್ತೆ ಮತ್ತೆ ಹೋಗಿ ಬಂದಳು. ಏನೋ ಬರೆದಳು, ಗೀಟು ಹಾಕಿದಳು. ಅವಳ ಹಾಳೆಯಲ್ಲಿ ಉಳಿದದ್ದೂ ಕ್ಲೀನ್ ಕಪ್ಪೇ. ಆಮೇಲೆ ಕೇಳಿದೆ. "ಕೊಳೆತ ಹಣ್ಣಿನ ವಾಸನೆ ಬಂತು ಸಾರ್. ಆದ್ರೆ ಅವರೇ ಚೆನ್ನಾಗಿದೆ ಅಂದ್ಮೇಲೆ ನನ್ನ ನಾಲಿಗೇನೇ ಸರಿ ಇಲ್ವೇನೋ ಅನ್ನಿಸ್ತು." ಅಷ್ಟರಲ್ಲಿ ಕಪ್ ತಣ್ಣಗಾಗಿತ್ತು, ದೋಷ ಇನ್ನೂ ಎದ್ದು ಬರುತ್ತಿತ್ತು. ಫರ್ಮೆಂಟ್, ಅಂದರೆ ಹುಳಿತು ಬಂದ ದೋಷ, ಅನುಮಾನವೇ ಇಲ್ಲ.

ಅವಳು ಹೆದರಿ ಸುಮ್ಮನಾಗಿದ್ದರೆ ಧೈರ್ಯ ಹೇಳಬಹುದಿತ್ತು. ಆಗಿದ್ದು ಅದಲ್ಲ, ತನ್ನ ನಾಲಿಗೆಯ ಮೇಲಿನ ನಂಬಿಕೆಯೇ ಹೋಗಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಕಂಡಿತ್ತು. ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸ. ಒಬ್ಬರೇ ಕೂತರೆ ತಪ್ಪುವುದೇ ಅಪರೂಪ. ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಹೇಳಿದಾಗ ಸುಮಾರು ಮೂರನೇ ಒಂದರಷ್ಟು ಉತ್ತರ ಗುಂಪಿನ ಕಡೆ ವಾಲಿತು. ತಮ್ಮ ಕಣ್ಣೇ ಸರಿಯಿಲ್ಲ ಅಂದುಕೊಂಡವರೂ ಇದ್ದರು. ಗುಂಪಿನಲ್ಲಿ ಒಬ್ಬನಾದರೂ ಸರಿ ಹೇಳಿದರೆ ಈ ವಾಲಾಟ ತೀರಾ ಇಳಿಯುತ್ತಿತ್ತು. ನನಗೆ ಮುಖ್ಯ ಅನ್ನಿಸಿದ್ದು ಈ ಕೊನೆಯ ಭಾಗ.

ಈಗ ಹಾಳೆ ತುಂಬುವವರೆಗೆ ನಮ್ಮಲ್ಲಿ ಮಾತಿಲ್ಲ, ತಲೆಯಾಡಿಸುವುದೂ ಇಲ್ಲ. ಬರೆದದ್ದನ್ನು ಕಿರಿಯರು ಮೊದಲು ಓದುತ್ತಾರೆ, ಹಿರಿಯರದು ಕೊನೆಗೆ. ಒಬ್ಬರ ಅಂಕ ಬೇರೆ ಬಂದರೆ ಸರಾಸರಿ ಹಾಕಿ ಮುಗಿಸುವುದಿಲ್ಲ, ಆ ಕಪ್ ಎಲ್ಲರೂ ಮತ್ತೆ ನೋಡುತ್ತೇವೆ. ಕೊಯ್ಲಿನ ಸಮಯದಲ್ಲಿ ಇದಕ್ಕೆ ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಆ ಪ್ಲಾಂಟೇಶನ್ ಎ ಲಾಟ್‌ನ ಬೆಳೆಗಾರರಿಗೆ ಅವತ್ತೇ ಫೋನ್ ಮಾಡಿ, ಹಣ್ಣು ಕುಯ್ದ ದಿನವೇ ಪಲ್ಪ್ ಮಾಡಿ (ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ), ಪಲ್ಪರ್‌ನಲ್ಲಿ ಹಿಂದಿನ ದಿನದ ಬೀಜ ಸಿಕ್ಕಿಕೊಂಡಿದೆಯಾ ನೋಡಿ ಅಂತ ಹೇಳಲು ಆಗಿದ್ದು ಆ ಗೀಟು ಹಾಕಿದ ಸಾಲಿನಿಂದಲೇ.